ಬಲಗಡೆಯ ಮುಂದಿನ ಚಕ್ರ

ಬಳೆ ತೊಡಿಸುವ ಶಾಸ್ತ್ರ ಮುಗಿದ ಮೇಲೆ ಬಸುರಿ ತಂಗಿಯನ್ನು ಘಾಟಿಯ ಮೇಲಿನ ಕುಮುಳಿಯಿಂದ ಕೆಳಗೆ ಉತ್ತಮಪಾಳಯಂನ ನಮ್ಮ ಮನೆಗೆ ಕರೆತರಬೇಕಿತ್ತು. ಆಗ ನಾನು ತೇನಿಯ ಒಂದು ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ವರ್ಕ್‌ಶಾಪಿನ ಧಣಿ, ನಮ್ಮ ಮುದಲಾಳಿ, ತನ್ನ ಫಾರಿನ್ ಕಾರು ಕೊಟ್ಟಿದ್ದ. ಜೋರಾಗಿ ತುಳಿದರೂ ಚಕ್ರ ಜಾರದ ಎಬಿಎಸ್ ಬ್ರೇಕಿನ ಕಾರು ನಮ್ಮ ಕಡೆ ಆಗ ಅದೊಂದೇ ಇದ್ದಿರಬೇಕು. ಮಳೆಗಾಲದ ಘಾಟಿ, ಏಳು ತಿಂಗಳ ಬಸುರಿ. ಆ ಬ್ರೇಕನ್ನೇ ನಂಬಿ ಒಪ್ಪಿಕೊಂಡಿದ್ದೆ.

ಗೂಡಲೂರು ದಾಟುತ್ತಲೇ ಎಬಿಎಸ್ ಕೈಕೊಟ್ಟಿದೆ ಅನ್ನುವ ಹಳದಿ ದೀಪ ಹತ್ತಿತು. ಮಾಮೂಲಿ ಬ್ರೇಕು ಹಿಡಿಯುತ್ತದೆ, ಗೊತ್ತು. ಆದರೂ ಗಾಡಿ ಬದಿಗೆ ನಿಲ್ಲಿಸಿದೆ. ಇಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದೆ. ದೀಪ ಆರಿತು, ಚಕ್ರ ಉರುಳುತ್ತಲೇ ಮತ್ತೆ ಹತ್ತಿತು. ಥೂ ಇದರ! ಬೆಟ್ಟ ಹತ್ತುವವರೆಗೂ ರಸ್ತೆಗಿಂತ ಆ ದೀಪವನ್ನೇ ಹೆಚ್ಚು ನೋಡಿದೆ.

ತಂಗಿಯ ಮನೆ ಮುಂದೆ ಇಳಿದವನು ಕಾಪಿಯನ್ನೂ ಮುಟ್ಟದೆ ಜಾಕಿ ಹಾಕಿದೆ. ಚಕ್ರ ಉರುಳಿದಾಗ ಮಾತ್ರ ದೀಪ ಹತ್ತುತ್ತದೆ ಅಂದರೆ ಸೆನ್ಸರಿನ ಮೇಲೇ ಅನುಮಾನ. ಪ್ರತಿ ಚಕ್ರದ ಜೊತೆ ಹಲ್ಲುಗಳಿರುವ ಒಂದು ಉಕ್ಕಿನ ಬಳೆ ತಿರುಗುತ್ತದೆ. ಅದಕ್ಕೆ ತಾಗಿಯೂ ತಾಗದಂತೆ ಒಂದು ಆಯಸ್ಕಾಂತ, ಅದರ ಸುತ್ತ ತಂತಿಯ ಸುರುಳಿ: ಅದೇ ಸೆನ್ಸರ್. ಒಂದೊಂದು ಹಲ್ಲು ದಾಟಿದಾಗಲೂ ತಂತಿಯಲ್ಲಿ ಕರೆಂಟು ಮಿಡಿಯುತ್ತದೆ. ಬ್ರೇಕ್ ಒತ್ತಿದಾಗ ಯಾವುದೋ ಚಕ್ರದ ಮಿಡಿತ ದಿಢೀರನೆ ಕುಸಿದರೆ, ಅದು ತಿರುಗುವುದು ಬಿಟ್ಟು ಜಾರಲಿದೆ ಎಂದು ಕಂಪ್ಯೂಟರಿಗೆ ಗೊತ್ತಾಗುತ್ತದೆ. ಆಗ ಆ ಚಕ್ರದ ಬ್ರೇಕನ್ನು ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡುತ್ತದೆ.

ಬಲಗಡೆಯ ಮುಂದಿನ ಚಕ್ರದ ಸೆನ್ಸರ್ ವೈರಿಗೆ ಯಾರೋ ಕರಿ ದಾರ ಕಟ್ಟಿದ್ದರು. ದಾರದ ತುದಿಯಲ್ಲಿ ಕಬ್ಬಿಣದ ಮೊಳೆ. ದೃಷ್ಟಿ ತಾಗದಿರಲೆಂದು ನಮ್ಮ ಅವ್ವ ಕಟ್ಟುವ ಮೊಳೆ, ಅವಳದೇ ಗಂಟು! ಬರುವಾಗ ನಾನು ಮನೆ ಹೊಕ್ಕು ತಿಂಡಿ ತಿಂದೆನಲ್ಲ, ಆಗ ಕಟ್ಟಿರಬೇಕು. ಆಯಸ್ಕಾಂತ ಬಿಡುತ್ತದೆಯೇ? ದಾರಿಯ ಕುಲುಕಿಗೆ ತೂಗಿದ ಮೊಳೆ ಅದಕ್ಕೆ ಕಚ್ಚಿಕೊಂಡು ಹಲ್ಲುಗಳಿಗೆ ಬಡಿಯುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಕಿತ್ತು ಎಸೆಯಲು ಕೈ ಎತ್ತಿದೆ.

"ಎಸೀಬ್ಯಾಡ ಅಣ್ಣಾ, ಕೊಡಿಲ್ಲಿ," ಎಂದು ತಂಗಿ ಅದನ್ನು ಬಳೆಗಳ ನಡುವೆ ಕಟ್ಟಿಕೊಂಡಳು.

ದೀಪ ಆರಿತ್ತು. ಆದರೂ ನೆಮ್ಮದಿಯಿಲ್ಲ. ತಂಗಿಯನ್ನು ಕೂರಿಸಿಕೊಂಡು ಇಳಿಯುವಾಗ ಘಾಟಿಯ ಒಂದು ತಿರುವಿನಲ್ಲಿ ಏಲಕ್ಕಿ ತೋಟದ ಜೀಪೊಂದು ರಸ್ತೆಯ ನಮ್ಮ ಬದಿಗೇ ನುಗ್ಗಿ ಬಂತು. ಬ್ರೇಕ್ ತುಳಿದೇಬಿಟ್ಟೆ. ಪೆಡಲು ಪಾದದ ಕೆಳಗೆ ಗಡಗಡ ನಡುಗಿತು. ಚಕ್ರ ಜಾರಲಿಲ್ಲ, ಸ್ಟೀರಿಂಗ್ ಹೇಳಿದ ಮಾತು ಕೇಳಿತು. ಜೀಪು ಉಜ್ಜಿಕೊಂಡಂತೆ ದಾಟಿ ಹೋಯಿತು.

ಮನೆ ಮುಂದೆ ಕಾರು ನಿಲ್ಲುತ್ತಲೇ ಅವ್ವ ಮೊದಲು ಚಕ್ರದ ಹತ್ತಿರ ಬಗ್ಗಿ ತಡಕಾಡಿದಳು. ನಾನು ರೇಗಿದೆ.

"ಬಸುರಿ ಕೂರೋ ಗಾಡಿ ಬ್ರೇಕಿಗೇ ಕೈ ಇಟ್ಟಿದ್ದೀಯಲ್ಲವ್ವಾ! ಅವಳಿಗೆ ದಿಷ್ಟಿ ಆಗ್ಬಾರ್ದು ಅಂದ್ರೆ ಅವಳ ಕೈಗೇ ಕಟ್ಬೇಕಿತ್ತು."

ಅವ್ವ ಸೊಂಟ ಹಿಡಿದು ಎದ್ದಳು. ಮಗಳ ಕೈಯಲ್ಲಿದ್ದ ಮೊಳೆಯನ್ನು ನೋಡಿದಳು.

"ಅವಳಿಗೆ ಕೈ ತುಂಬ ಬಳೆ ಐತಲ್ಲೋ, ಅದೇ ಕಾವಲು. ಇದು ನೀ ಕೂರೋ ಕಡೆ ಚಕ್ರ. ನಿಂಗ್ಯಾರು ಕಟ್ತಾರೆ?"