ಅಪ್ಪ ಹಲ್ಲು ಬೆಳ್ಳಗೆ ಮಾಡಿಸಿಕೊಂಡದ್ದು

ನನ್ನ ಮದುವೆ ಗೊತ್ತಾದಾಗ ಮನೆಯವರಿಗೆಲ್ಲ ಛತ್ರ, ಸೀರೆಗಳ ಯೋಚನೆಯಾದರೆ ಅಪ್ಪನಿಗೆ ಹಲ್ಲಿನ ಯೋಚನೆ ಹತ್ತಿಕೊಂಡಿತು. ಎಂಬತ್ತರ ದಶಕದ ಆರಂಭ ಅದು. ಅಪ್ಪ ಚೇಳೂರು–ಗುಬ್ಬಿ ಬಸ್ಸಿನ ಕಂಡಕ್ಟರ್. ವರ್ಷಾನುಗಟ್ಟಲೆ ಎಲೆ ಅಡಿಕೆ ಜಗಿದು ಅವರ ಹಲ್ಲು ಕೆಂಪು ದಾಟಿ ಕಪ್ಪಿಗೆ ತಿರುಗಿತ್ತು. ಕುಣಿಗಲ್ಲಿನಿಂದ ಬೀಗರು ಬಂದ ದಿನ ಅವರ ಪುಟ್ಟ ಮೊಮ್ಮಗಳು, "ತಾತನ್ ಬಾಯಲ್ಲಿ ರಕ್ತ!" ಎಂದು ಅತ್ತುಬಿಟ್ಟಳು. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು, ಬಾಯಿಗೆ ಟವಲ್ ಅಡ್ಡ ಹಿಡಿದು.

ಮಾರನೆಯ ದಿನವೇ ಎಲೆ ಅಡಿಕೆ ಬಿಟ್ಟರು. ಯಾರೋ ಹೇಳಿದರೆಂದು ಇಟ್ಟಿಗೆ ಪುಡಿಗೆ ಉಪ್ಪು, ನಿಂಬೆರಸ ಕಲಸಿ ಬೆಳಿಗ್ಗೆ ಸಂಜೆ ಹಲ್ಲು ಉಜ್ಜತೊಡಗಿದರು. ಹತ್ತು ದಿನದಲ್ಲಿ ಬಣ್ಣ ಕೊಂಚ ತಿಳಿಯಾಯಿತು, ನಿಜ. ಆದರೆ ಒಂದು ಬೆಳಿಗ್ಗೆ ಮಡಕೆಯ ನೀರು ಕುಡಿದವರು ಕೆನ್ನೆ ಹಿಡಿದು ಕೂತುಬಿಟ್ಟರು. ಬಿಸಿ ಕಾಫಿಯೂ ಆಗದು, ಮೊಸರೂ ಆಗದು. ಬಸ್ಸಿನಲ್ಲಿ "ರೈಟ್" ಎಂದು ಕೂಗಿದರೆ ಗಾಳಿ ತಾಗಿಯೇ ಹಲ್ಲು ಜುಮ್ಮೆನ್ನುತ್ತಿತ್ತಂತೆ. ಬರೀ ಸೀಟಿ ಊದಿಕೊಂಡು ಡ್ಯೂಟಿ ಮುಗಿಸಿದರು.

"ಹಲ್ಲೇನು ಹಿತ್ತಾಳೆ ಚೊಂಬಾ, ಹಂಗ್ ಉಜ್ಜಾಕೆ?" ಎಂದು ಅಮ್ಮ ಬೈದಳು.

ನಾನೇ ಅವರನ್ನು ತುಮಕೂರಿನ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದೆ. ಡಾಕ್ಟರು ಹೆಂಗಸು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಅಪ್ಪ ಸಂಕೋಚದಿಂದ, "ಮದ್ವೆ ಐತಮ್ಮ, ಸೊಲ್ಪ ಬೆಳ್ಳಗಾಗ್ಬೇಕಿತ್ತು" ಎಂದರು.

"ಯಾರ್ದು, ನಿಮ್ದಾ?"

ಅಪ್ಪ ಕಿವಿಯವರೆಗೂ ಕೆಂಪಾದರು. ನನಗೆ ನಗು ತಡೆಯಲಾಗಲಿಲ್ಲ.

"ನಿಂಬೆಹುಳಿ ಹಲ್ಲಿನ ಮೇಲ್ಪದರ ಮೆತ್ತಗೆ ಮಾಡತ್ತೆ, ಇಟ್ಟಿಗೆ ಪುಡಿ ಅದನ್ನ ಕೆರೆದು ಹಾಕತ್ತೆ. ಅದಕ್ಕೇ ಜುಮ್ಮನ್ನೋದು" ಎಂದರು ಡಾಕ್ಟರು. ಗಟ್ಟಿಕಟ್ಟಿದ್ದ ಕರೆಯನ್ನು ಹುಷಾರಾಗಿ ತೆಗೆದು, ಮೆತ್ತನೆಯ ಬ್ರಷ್ಷು, ಜುಮ್ಮು ಕಡಿಮೆಯಾಗುವ ಪೇಸ್ಟು ಬರೆದುಕೊಟ್ಟರು. ಒತ್ತಿ ಉಜ್ಜಬಾರದು, ಸದ್ಯಕ್ಕೆ ಹುಳಿ ತಿನ್ನಬಾರದು ಎಂದರು.

ಮೊದಲ ವಾರ ಅಪ್ಪ ಉಗುರುಬೆಚ್ಚಗಿನ ನೀರನ್ನೇ ಕುಡಿದರು. ನೋವು ದಿನದಿಂದ ದಿನಕ್ಕೆ ಇಳಿಯಿತು. ಹಲ್ಲಿಗೆ ಬಂದದ್ದು ಹಾಲಿನ ಬಿಳುಪಲ್ಲ, ತಿಳಿ ಹಳದಿ. ಅಷ್ಟಕ್ಕೇ ಅವರು ಬಸ್ಸಿನ ಕನ್ನಡಿಯಲ್ಲಿ ಹತ್ತು ಸಲ ನೋಡಿಕೊಳ್ಳುತ್ತಿದ್ದರು. ಮದುವೆಯ ದಿನ ಛತ್ರದ ಬಾಗಿಲಲ್ಲಿ ನಿಂತು ಗುರುತಿಲ್ಲದವರಿಗೂ ಹಲ್ಲು ಬಿಟ್ಟು ನಗುತ್ತಲೇ ಇದ್ದರು. ಊಟದಲ್ಲಿ ತಣ್ಣನೆಯ ಬಾದಾಮಿ ಹಾಲನ್ನು ಎರಡು ಲೋಟ ಕುಡಿದದ್ದು ಕಂಡು, "ಜುಮ್ಮು ಹೋಯ್ತಾ?" ಎಂದೆ.

"ಸೊಲ್ಪ ಐತೆ ಕಣವ್ವ," ಎಂದು ಪಿಸುಗುಟ್ಟಿದರು, "ನಿಮ್ಮಮ್ಮಂಗೆ ಹೇಳ್ಬೇಡ."