ಬಾಸಿಲ್ ಖಲಾಸ್ ಅನ್ನಲಿಲ್ಲ

"ಅಮ್ಮಾ, ಜೋಸ್ಟನ್ ಅಣ್ಣನ ಹತ್ರ ಅಷ್ಟು ಫಾಸ್ಟ್ ಕಾರುಂಟಲ್ಲ, ಮತ್ತೆ ಬಾಸಿಲ್ ಅಂಕಲ್ ಯಾಕೆ ಬಸ್ಸಿಗೆ ಕಾಯುವುದು?"

ಮಸ್ಕತ್ತಿನ ಅಲ್ ಖುವೈರ್ ಸಿಗ್ನಲ್ಲಿನಲ್ಲಿ ಕಾರು ನಿಂತಿದ್ದಾಗ ಹಿಂದಿನ ಸೀಟಿನಿಂದ ಲಕ್ಷಿತ್ ಕೇಳಿದ. ಅವನಿಗೆ ಆರು ತುಂಬಲು ಇನ್ನು ಎಂಟು ದಿನ. ನಿಶ್ಮಿತಾ ತಿರುಗಿ ನೋಡಿದಳು. ಹೌದು, ಬಸ್ ಸ್ಟಾಪಿನಲ್ಲಿ ಬಾಸಿಲ್ ನಿಂತಿದ್ದರು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈ ಹಣೆಗೆ ಅಡ್ಡ. ಬೆಳಗಿನ ಏಳಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಗಾಜು ಇಳಿಸಿ ಕರೆಯುವಷ್ಟರಲ್ಲಿ ಹಸಿರು ಬಿತ್ತು, ಹಿಂದಿನವನು ಹಾರನ್ ಒತ್ತಿದ.

"ಅವರಿಗೆ ಬಸ್ಸೇ ಇಷ್ಟ ಮಗಾ."

"ನೋ ಅಮ್ಮಾ. ಜೋಸ್ಟನ್ ಅಣ್ಣ ಡೋರ್ ಓಪನ್ ಮಾಡಿದ. ಅಂಕಲ್ ನೋ ಹೇಳಿ ನಡ್ಕೊಂಡು ಹೋದ್ರು. ಐ ಸಾ."

ಮಗುವಿನ ಕಣ್ಣಿಗೆ ಬಿದ್ದದ್ದು ಅವರೆಲ್ಲ ಇದ್ದ ಕಟ್ಟಡದ ಎಲ್ಲರ ಕಣ್ಣಿಗೂ ಬಿದ್ದಿತ್ತು. ಬಾಸಿಲರ ಮಗ ಜೋಸ್ಟನ್ ಕೆಂಪು ಕಾರು ತಂದು ಮೂರು ವಾರವಾಗಿತ್ತು, ತಂದೆ ಒಮ್ಮೆಯೂ ಅದರೊಳಗೆ ಕೂತಿರಲಿಲ್ಲ. ಮಗನ ಮೇಲೆ ಹೊಟ್ಟೆಕಿಚ್ಚು ಎಂದರು ಕೆಲವರು. ತನ್ನ ಮಾತು ನಡೆಯಲಿಲ್ಲವೆಂಬ ಸಿಟ್ಟು ಎಂದರು ಇನ್ನು ಕೆಲವರು. ನಿಶ್ಮಿತಾ ನಂಬಿದ್ದು ಎರಡನೆಯದನ್ನು.

ಬಾಸಿಲ್ ಕಿನ್ನಿಗೋಳಿಯ ಕಡೆಯವರು. ಇಪ್ಪತ್ತನಾಲ್ಕರ ಪ್ರಾಯದಲ್ಲಿ ಮಸ್ಕತ್ತಿಗೆ ಬಂದು, ವಾದಿ ಕಬೀರಿನ ಒಂದು ಗ್ಯಾರೇಜಿನಲ್ಲಿ ಗುದ್ದಿದ ಕಾರುಗಳ ತಗಡು ನೇರ ಮಾಡಿ ಬಣ್ಣ ಹೊಡೆಯುವ ಕೆಲಸಕ್ಕೆ ಸೇರಿದರು. ಇಪ್ಪತ್ತೊಂಬತ್ತು ವರ್ಷ ಅಲ್ಲೇ ಸವೆದರು. ಹೆಂಡತಿ ಒಲಿಂಡಾ ಆಸ್ಪತ್ರೆಯಲ್ಲಿ ನರ್ಸ್. ಮೂರನೇ ಮಹಡಿಯ ಮನೆ, ಮಗನ ಶಾಲೆ, ಕಾಲೇಜು ಎಲ್ಲ ಅವಳ ಸಂಬಳದಲ್ಲೇ ನಡೆದದ್ದು. ಶಾಲೆಯ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ಜೋಸ್ಟನ್ 'ಆಟೊಮೊಬೈಲ್' ಎಂದಷ್ಟೇ ಬರೆಯುತ್ತಿದ್ದ. ಗ್ಯಾರೇಜಿನಲ್ಲಿ ಪೇಂಟಿನ ಕೆಲಸ ಎಂಬುದಕ್ಕಿಂತ ಹೆಚ್ಚು ಅವನಿಗೂ ಗೊತ್ತಿರಲಿಲ್ಲ, ಬಾಸಿಲರು ಹೇಳಿಯೂ ಇರಲಿಲ್ಲ. ಉಗುರಿನ ಸಂದಿಯ ಬಣ್ಣವನ್ನು ಥಿನ್ನರಿನಲ್ಲಿ ತಿಕ್ಕಿ ತೆಗೆದೇ ಮನೆಗೆ ಬರುತ್ತಿದ್ದರು.

ಆದರೆ ಶುಕ್ರವಾರ ಬಂತೆಂದರೆ ಬಾಸಿಲರ ಗತ್ತೇ ಬೇರೆ. ಊರಿನವರಲ್ಲಿ ಯಾರಿಗೇ ಹಳೆ ಕಾರು ಬೇಕಾದರೂ, ತುಳುವರಿರಲಿ, ಕೊಂಕಣಿಯವರಿರಲಿ, ಬಾಸಿಲರು ಮುಟ್ಟಿ ನೋಡದೆ ಕೊಳ್ಳುವ ಪದ್ಧತಿಯೇ ಇರಲಿಲ್ಲ. ಇಗರ್ಜಿಯಿಂದ ನೇರವಾಗಿ ಅವರನ್ನು ಕೂರಿಸಿಕೊಂಡು ಹೋಗುವುದು. ಅವರು ಕಾರಿನ ಸುತ್ತ ಒಂದು ಸುತ್ತು ಬಂದು, ಬೆರಳ ಗೆಣ್ಣಿನಿಂದ ಬಾನೆಟ್ಟನ್ನೂ ಬಾಗಿಲುಗಳನ್ನೂ ತಟ್ಟುತ್ತಿದ್ದರು. ಬಾಗಿಲ ಅಂಚಿನ ರಬ್ಬರಿನ ಒಳಗೆ ಬೆರಳಾಡಿಸುತ್ತಿದ್ದರು. ಕೊನೆಗೆ ಒಂದೇ ಮಾತು. ಕಾರು ಹಾಳಾಗಿದ್ದರೆ 'ಖಲಾಸ್', ಎಲ್ಲರೂ ತಿರುಗಿ ನಡೆಯಬೇಕು. ಚೆನ್ನಾಗಿದ್ದರೆ 'ಯಲ್ಲಾ'. ಕೆಲವೊಮ್ಮೆ ಅದನ್ನೂ ಹೇಳದೆ ಸುಮ್ಮನೆ ಹಿಂದೆ ಸರಿಯುತ್ತಿದ್ದರು. ಬಾಸಿಲ್ ಖಲಾಸ್ ಅನ್ನಲಿಲ್ಲ ಎಂದರೆ ತೆಗೆದುಕೊಳ್ಳಬಹುದು ಎಂದೇ ಲೆಕ್ಕ. ಈ ಕೆಲಸಕ್ಕೆ ಅವರು ಇಲ್ಲಿನ ಒಂದು ಚಿಲ್ಲರೆ ಬೈಸೆಯನ್ನೂ ಮುಟ್ಟಿದವರಲ್ಲ. ನಿಶ್ಮಿತಾಳ ಗಂಡ ಶ್ರವಣ್ ಕಾರು ತೆಗೆದಾಗ ಅವಳು ನೀರುದೋಸೆ, ಕೋಳಿ ಸುಕ್ಕ ಮಾಡಿ ಕಳಿಸಿದ್ದಳು, ಅಷ್ಟೆ. ಅಂದಿನಿಂದ ಬಾಸಿಲರಿಗೆ ಅವಳು 'ಬಾಯೇ' ಆದಳು, ಕೊಂಕಣಿಯಲ್ಲಿ ಮನೆಮಗಳನ್ನು ಕರೆಯುವ ಹಾಗೆ.

ಆ ಬೆರಳಿಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ಒಬ್ಬರೂ ಕೇಳಿರಲಿಲ್ಲ. ದೇವರು ಕೊಟ್ಟ ವರ ಎಂದುಕೊಂಡು ಬಿಟ್ಟಿದ್ದರು.

ಜೋಸ್ಟನ್‌ಗೆ ಇಪ್ಪತ್ತಾರು. ಕಾರ್ಗೋ ಕಂಪನಿಯಲ್ಲಿ ಕೆಲಸ ಪಕ್ಕಾ ಆಗಿ, ಬ್ಯಾಂಕು ಸಾಲಕ್ಕೆ ಒಪ್ಪಿದ ದಿನವೇ ಎಂಟು ಸಿಲಿಂಡರಿನ ಕಾರು ಬೇಕೆಂದು ಹಟ ಹಿಡಿದ. ಲಕ್ಷಿತ್‌ನನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲಿಡೀ ಎಂಜಿನಿನ ಸದ್ದು ಮಾಡುತ್ತಾ ಓಡುವ ಹುಡುಗ. ದುಶ್ಚಟ ಯಾವುದೂ ಇಲ್ಲ, ಇದೊಂದೇ ಹುಚ್ಚು.

ಅವನ ಕೈಗೆ ಎಟಕುವಂಥವು ಎರಡು ಸಿಕ್ಕಿದವು. ಬೆಲೆ ಹೆಚ್ಚುಕಡಿಮೆ ಒಂದೇ. ಮೊದಲನೆಯದು ಗಲ್ಫ್ ಗಾಡಿ. ಅಂದರೆ ಇಲ್ಲಿನ ಸೆಕೆಗೆಂದೇ ತಯಾರಾಗಿ, ಇಲ್ಲಿನ ಶೋರೂಮಿನಲ್ಲೇ ಮಾರಾಟವಾಗಿ, ಇಲ್ಲೇ ಹಳತಾದದ್ದು. ಮದೀನತ್ ಸುಲ್ತಾನ್ ಖಾಬೂಸಿನ ಒಬ್ಬ ಒಮಾನಿ ಮೇಷ್ಟರ ಮನೆಯಂಗಳದಲ್ಲಿತ್ತು. ಒಂಬತ್ತು ವರ್ಷ ಒಬ್ಬರದೇ ಕೈ. ಸರ್ವಿಸಿನ ಚೀಟಿಗಳನ್ನೆಲ್ಲ ಫೈಲು ಮಾಡಿಟ್ಟಿದ್ದರು. ಆದರೆ ಕಾರಿನ ಚಾವಣಿಯ ಕಪ್ಪು ಬಣ್ಣ ಬಿಸಿಲಿಗೆ ಸುಟ್ಟು ಬೂದಿಯಾಗಿತ್ತು.

ಶ್ರವಣನ ಕಾರಿನಲ್ಲೇ ಎಲ್ಲರೂ ನೋಡಲು ಹೋಗಿದ್ದರು. ಬಾಸಿಲ್ ಎರಡೇ ಸಲ ತಟ್ಟಿದರು. ಎಂದೂ ಇಲ್ಲದಷ್ಟು ಗಟ್ಟಿಯಾಗಿ "ಯಲ್ಲಾ" ಎಂದರು. "ಇದರ ಮೇಲೆ ಕಂಪನಿ ಪೇಂಟು ಬಿಟ್ಟರೆ ಬೇರೆ ಬಣ್ಣ ಬಿದ್ದಿಲ್ಲ. ತೆಗಿ."

"ಪಪ್ಪಾ, ಇದು ಕಾರಲ್ಲ, ಅಜ್ಜ. ಟೈ ಕಟ್ಟಿಕೊಂಡು ಆಫೀಸಿಗೆ ಅಜ್ಜನ ಮೇಲೆ ಕೂತು ಹೋಗುವುದಾ?"

"ಬಣ್ಣ ನಾನು ಹೊಡೆದು ಕೊಡ್ತೇನೆ ಮಾರಾಯ. ಕನ್ನಡಿ ಮಾಡಿ ಕೊಡ್ತೇನೆ."

"ಬಣ್ಣ ಹೊಡೆದ ಗಾಡಿ ತೆಗೀಬಾರ್ದು ಅಂತ ಊರಿಗೆಲ್ಲ ಹೇಳುವುದು ನೀವೇ ಅಲ್ವಾ?"

ಎಲ್ಲರೂ ನಕ್ಕರು. ನಿಶ್ಮಿತಾಳೂ ನಕ್ಕಳು.

ಎರಡನೆಯದು ಅಮೆರಿಕನ್. ಅಲ್ಲಿ ಓಡಿದ ಕಾರು ಹರಾಜಾಗಿ ಹಡಗು ಹತ್ತಿ ಇಲ್ಲಿಗೆ ಬಂದರೆ ಅದನ್ನು ಹಾಗೆನ್ನುವುದು. ಕೆಲವು ಒಳ್ಳೆಯವೇ ಇರುತ್ತವೆ. ಕೆಲವು ಅಲ್ಲಿ ಗುದ್ದಿ, ವಿಮೆಯವರು ಕೈಬಿಟ್ಟು, ಇಲ್ಲಿ ಬಂದು ಹೊಸ ರೂಪ ತಳೆದವು. ಇದು ಕೆಂಪು, ನಾಲ್ಕೇ ವರ್ಷದ್ದು, ಮೀಟರು ಮೈಲಿಯಲ್ಲಿ. ಎಂಜಿನು ಶುರು ಮಾಡಿದರೆ ಎದೆಗೂಡು ನಡುಗುವ ಸದ್ದು. ಅದು ನಿಂತಿದ್ದ ಅಂಗಡಿ ಬಾಸಿಲರ ಗ್ಯಾರೇಜಿನ ಮಾಲಿಕನದೇ. ಅವನೇ ಅವರ ಕಫೀಲ್, ಅವರ ವೀಸಾ ಇದ್ದದ್ದು ಅವನ ಹೆಸರಿನಲ್ಲಿ. ಅಪ್ಪನ ಮಾಲಿಕನ ಅಂಗಡಿ ಎಂದರೆ ಮೋಸವಿರಲಿಕ್ಕಿಲ್ಲ ಎಂದು ಜೋಸ್ಟನ್ ಹೇಳದೆ ಕೇಳದೆ ಮುಂದಿನ ಶುಕ್ರವಾರ ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋದ.

ಕಾರನ್ನು ನೋಡಿ ಬಾಸಿಲ್ ನಿಂತಲ್ಲಿಂದ ಕಾಲು ಕೀಳಲಿಲ್ಲ.

"ಯಲ್ಲಾ ಪಪ್ಪಾ, ಶುರು ಮಾಡಿ. ಒಂದು ತಪ್ಪು ಹುಡುಕಿ ಕೊಡಿ, ನಾನು ಅಜ್ಜನನ್ನೇ ಮದುವೆ ಆಗ್ತೇನೆ!"

ಬಾಸಿಲ್ ತಟ್ಟಿದರು. ಬಾನೆಟ್ಟು, ಬಾಗಿಲು, ಡಿಕ್ಕಿ. ಬಾಗಿಲು ತೆರೆದು ಕೆಳಗೆ ಬಗ್ಗಿ, ಸೀಟಿನ ಪಕ್ಕದ ಕಾರ್ಪೆಟ್ಟಿನ ಅಡಿಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು. ಕಫೀಲ್ ಕಾಫಿಯ ಪುಟ್ಟ ಬಟ್ಟಲು ಹಿಡಿದು ಹತ್ತಿರ ಬಂದ. "ಝೈನ್, ಬಾಸಿಲ್?" ಎಂದು ನಗುತ್ತಾ ಕೇಳಿದ, ಚೆನ್ನಾಗಿದೆಯಲ್ಲ ಎಂಬಂತೆ. ಬಾಸಿಲ್ ಎದ್ದು ನಿಂತರು. ಕೈಯನ್ನು ಪ್ಯಾಂಟಿಗೆ ಒರಸಿಕೊಂಡರು. ಹಿಂದೆ ಸರಿದರು.

"ಖಲಾಸ್ ಅನ್ನಲಿಲ್ಲ!" ಜೋಸ್ಟನ್ ಕೂಗಿದ. ಶ್ರವಣ್ ಅವನ ಬೆನ್ನು ತಟ್ಟಿದ. ನಿಶ್ಮಿತಾ ಫೋನು ತೆಗೆದು ತಂದೆ ಮಗನನ್ನು ಕಾರಿನ ಮುಂದೆ ನಿಲ್ಲಿಸಿ ಫೋಟೊ ತೆಗೆದಳು. "ಅಂಕಲ್, ಸ್ವಲ್ಪ ನಗಿ ಮಾರಾಯ್ರೆ" ಎಂದೂ ಹೇಳಿದಳು. ಈಗ ನೆನೆದರೆ ಅವಳಿಗೆ ನಾಲಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಲಕ್ಷಿತ್ ಸಿಗ್ನಲ್ಲಿನಲ್ಲಿ ಕೇಳಿದ ದಿನವೇ ಸಂಜೆ ನಾಲ್ಕಕ್ಕೆ ಬಾಸಿಲ್ ಬಾಗಿಲು ತಟ್ಟಿದರು. ಮಗು ಮಲಗಿತ್ತು. ಅವಳು ಚಹಾ ತಂದಿಟ್ಟಳು. ಅವರು ಮುಟ್ಟಲಿಲ್ಲ.

"ಅಂಕಲ್, ಮಗನ ಮೇಲೆ ಇಷ್ಟು ದಿನ ಸಿಟ್ಟು ಒಳ್ಳೆದಲ್ಲ. ಪ್ರಾಯದ ಹುಡುಗ, ಆಸೆ ಪಟ್ಟ" ಎಂದು ಅವಳೇ ಶುರು ಮಾಡಿದಳು.

"ಆ ಗಾಡಿ ನಾನೇ ಮಾಡಿದ್ದು ಬಾಯೇ."

"ಪೇಂಟಾ?"

"ಪೇಂಟಲ್ಲ, ಗಾಡಿಯನ್ನೇ. ಮುಂದಿನ ಅರ್ಧ ಒಂದರದ್ದು, ಹಿಂದಿನ ಅರ್ಧ ಇನ್ನೊಂದರದ್ದು. ಎರಡೂ ಸತ್ತ ಗಾಡಿಗಳು. ಸೀಟಿನ ಅಡಿಯಲ್ಲಿ ಕೂಡಿಸಿ ವೆಲ್ಡಿಂಗ್ ಹೊಡೆದು, ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದು ಈ ಕೈ. ಅವತ್ತು ಕಾರ್ಪೆಟ್ಟಿನ ಅಡಿಯಲ್ಲಿ ಬೆರಳಿಗೆ ಸಿಕ್ಕಿದ್ದು ಅದೇ. ಬೇರೆ ಯಾರಿಗೂ ಸಿಗುವುದಿಲ್ಲ. ಅಷ್ಟು ಚಂದ ಮಾಡಿದ್ದೇನೆ."

"ಏರ್‌ಬ್ಯಾಗ್?" ತಾಯಿಯಾದವಳ ಬಾಯಿಗೆ ಮೊದಲು ಬಂದ ಪ್ರಶ್ನೆ ಅದು.

"ಮುಚ್ಚಳ ಉಂಟು. ಒಳಗೆ ಎಂತದೂ ಇಲ್ಲ."

ಒಳಕೋಣೆಯಲ್ಲಿ ಮಗು ಮಗ್ಗುಲು ಬದಲಿಸಿದ ಸದ್ದು. ಅವಳು ದನಿ ತಗ್ಗಿಸಿದಳು. "ನಮ್ಮ ಕಾರು ಅಂಕಲ್?"

"ನಿಮ್ಮದು ಗಲ್ಫ್ ಗಾಡಿ. ಎಡದ ಬಾಗಿಲು ಒಂದು ಪೇಂಟ್ ಆಗಿತ್ತು, ಶ್ರವಣನಿಗೆ ಆವಾಗಲೇ ಹೇಳಿದ್ದೆ." ಬಾಸಿಲ್ ಬೇಸರಪಡಲಿಲ್ಲ. ತನ್ನದನ್ನೇ ಮೊದಲು ಕೇಳಿದೆನಲ್ಲ ಎಂದು ಅವಳಿಗೇ ನಾಚಿಕೆಯಾಯಿತು. "ನಮ್ಮವರಿಗೆಲ್ಲ ಖಲಾಸ್ ಹೇಳಿ ತಪ್ಪಿಸಿದ್ದೇನೆ ಬಾಯೇ. ನಾನು ಮಾಡಿದ್ದು ನನಗೆ ಗೊತ್ತಾಗದೆ ಇರ್ತದಾ? ನೀವೆಲ್ಲ ನನಗೆ ದೊಡ್ಡ ವಿದ್ಯೆ ಉಂಟು ಅಂತ ತಿಳಿದದ್ದು. ವಿದ್ಯೆಯೂ ಇಲ್ಲ, ಮಣ್ಣೂ ಇಲ್ಲ."

"ನೀವು ಖಲಾಸ್ ಹೇಳಿದ ಕಾರುಗಳು ಮತ್ತೆ ಎಲ್ಲಿಗೆ ಹೋದವು?"

"ಬೇರೆಯವರಿಗೆ." ಅವರು ಆರಿದ ಚಹಾವನ್ನು ನೋಡುತ್ತಾ ಕೂತರು. "ಅವರ ಹತ್ರ ಬಾಸಿಲ್ ಇರಲಿಲ್ಲ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಮಗನ ಜೀವದ ಪ್ರಶ್ನೆ, ಅವತ್ತು ಒಂದು ಮಾತು ಹೇಳಲು ಬಾಯಿಗೆ ಏನಾಗಿತ್ತು ಎಂದು ಕೇಳಿಯೇಬಿಟ್ಟಳು.

"ಕಫೀಲ್ ಎದುರು ನಿಂತಿದ್ದ. ವೀಸಾ ಮುಂದಿನ ತಿಂಗಳು ರಿನ್ಯೂ. ಹೇಳಿದ್ದರೆ ನನ್ನದೇ ಖಲಾಸ್. ಮನೆಗೆ ಹೋಗಿ ಮಗನಿಗೆ ಹೇಳಿದರಾಯ್ತು ಅಂತ ಗ್ರಹಿಸಿದೆ. ಇವ ಅಲ್ಲೇ ನಿಂತ ಮೆಟ್ಟಿನಲ್ಲಿ ಸಹಿ ಹಾಕಿ, 'ನೋಡಿ ಒಪ್ಪಿ ತೆಗೆದುಕೊಂಡಿದ್ದೇನೆ' ಅಂತ ಬರೆದು ಕೊಟ್ಟಾಗಿತ್ತು. ಇನ್ನು ವಾಪಸ್ ಕೊಡುವ ಹಾಗಿಲ್ಲ."

ಹೇಳಿದ್ದರು, ಆ ದಿನ ಸಂಜೆಯೇ. ಜೋಸ್ಟನ್ ನಂಬಲಿಲ್ಲ. ಮೊದಲ ದಿನದಿಂದ ನಿಮಗೆ ಆ ಅಜ್ಜನ ಗಾಡಿಯೇ ಬೇಕಿತ್ತು, ಈಗ ಕತೆ ಕಟ್ಟುತ್ತಿದ್ದೀರಿ ಎಂದ. ಬಾಸಿಲ್ ಕಾರ್ಪೆಟ್ಟು ಎತ್ತಿ ತೋರಿಸಿದರು. ಅವನು ಬೆರಳಾಡಿಸಿದ, ಏನೂ ಸಿಗಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಕೈಚಳಕ ಅವರನ್ನೇ ಸುಳ್ಳುಗಾರ ಮಾಡಿತು. ಎರಡನೇ ಸಲ ಹೇಳಿದಾಗ ಅವನು ನಕ್ಕನಂತೆ. "ನೀವೇ ಮಾಡಿದ್ದಾದರೆ ಇನ್ನೂ ಒಳ್ಳೆದೇ ಅಲ್ವಾ ಪಪ್ಪಾ? ಅಪ್ಪನ ಕೈಕೆಲಸದ ಮೇಲೆ ಮಗ ನಂಬಿಕೆ ಇಡದಿದ್ದರೆ ಮತ್ತೆ ಯಾರು ಇಡುವುದು?" ಒಲಿಂಡಾ ಮಾತ್ರ ನಂಬಿದಳು. ನಂಬಿದ ದಿನದಿಂದ ಅವಳು ಗಂಡನ ಹತ್ತಿರ ಮಾತು ಬಿಟ್ಟಿದ್ದಾಳೆ. ಗುದ್ದಿದ ಕಾರುಗಳಿಂದ ಆಸ್ಪತ್ರೆಗೆ ಬಂದ ಎಂತೆಂಥ ಮೈಗಳನ್ನು ಕಂಡವಳು ಅವಳು.

"ಏರ್‌ಬ್ಯಾಗ್ ಹೊಸತು ಹಾಕಿಸಬಹುದಲ್ಲ ಅಂಕಲ್?"

"ಹಾಕಿಸಬಹುದು. ನಡುವಿನ ಜೋಡಣೆಗೆ ಎಂತ ಮಾಡುವುದು? ಅದು ಬಿಟ್ಟುಹೋದರೆ ಗಾಡಿ ಎರಡು. ನೂರು, ನೂರಿಪ್ಪತ್ತರಲ್ಲಿ ಹೋಗಲಿ, ಗೊತ್ತಾಗಲಿಕ್ಕಿಲ್ಲ. ಒಂದು ಸಲ ಗುದ್ದಿದರೆ ಗೊತ್ತಾಗ್ತದೆ." ಬೆರಳುಗಳನ್ನು ಒಂದರೊಳಗೊಂದು ಸಿಕ್ಕಿಸಿ, ಮೆಲ್ಲನೆ ಬಿಡಿಸಿ ತೋರಿಸಿದರು. ನಿಶ್ಮಿತಾ ಮುಖ ತಿರುಗಿಸಿದಳು. ಈ ಕೈಗೆ ತಾನು ಕೋಳಿ ಸುಕ್ಕ ಮಾಡಿ ಕಳಿಸಿದ್ದೆನಲ್ಲ ಎನಿಸಿತು. ಮರುಕ್ಷಣವೇ, ಮುದುಕರಂತೆ ಕುಸಿದು ಕೂತ ಮನುಷ್ಯನನ್ನು ಕಂಡು ಕನಿಕರವೂ ಆಯಿತು. ಚಹಾ ಬಿಸಿ ಮಾಡಿ ತರಲೇ ಎಂದು ಕೇಳಿದಳು.

"ಬೇಡ. ಕೂತ್ಕೊ. ಒಂದು ಉಪಕಾರ ಆಗಬೇಕಿತ್ತು."

ಅವರು ಒಳಕೋಣೆಯ ಬಾಗಿಲನ್ನು ಒಮ್ಮೆ ನೋಡಿದರು.

"ಲಕ್ಷಿತ್‌ನ ಬರ್ತ್‌ಡೇಗೆ ಬರುವ ವಾರ ಶುಕ್ರವಾರ ಎಲ್ಲರೂ ಬರ್ತಾರಲ್ಲ, ನಮ್ಮವರು, ನಿಮ್ಮವರು. ಕೇಕ್ ಕತ್ತರಿಸಿ ಆದ ಮೇಲೆ ಮಗುವನ್ನು ಹೈವೇಯಲ್ಲಿ ಸೀಬ್‌ವರೆಗೆ ರೌಂಡ್ ಕರಕೊಂಡು ಹೋಗ್ತೇನೆ ಅಂತ ಜೋಸ್ಟನ್ ಹೇಳಿಕೊಂಡು ತಿರುಗ್ತಾ ಇದ್ದಾನೆ. ನಿಂಗೆ ಮಾತ್ರ ಗುಟ್ಟಾಗಿ ಇಟ್ಟಿದ್ದಾನೆ, ಸರ್‌ಪ್ರೈಸ್ ಅಂತೆ."

"ಕಳಿಸುವುದಿಲ್ಲ ಅಂಕಲ್, ಸತ್ತರೂ ಕಳಿಸುವುದಿಲ್ಲ. ಮಗುವಿಗೆ ಜ್ವರ ಅಂತ ಏನಾದ್ರೂ..."

"ಜ್ವರ ಅನ್ನಬೇಡ ಬಾಯೇ. ಅದನ್ನೇ ಕೇಳಲಿಕ್ಕೆ ಬಂದದ್ದು. ನನ್ನ ಮಾತು ಅವ ನಂಬುವುದಿಲ್ಲ. ಆದರೆ ಒಬ್ಬಳು ತಾಯಿ ಎಲ್ಲರೆದುರು ಮಗುವಿನ ಕೈ ಹಿಡಿದು ಈ ಗಾಡಿಗೆ ಹತ್ತಿಸುವುದಿಲ್ಲ ಅಂದರೆ ನಂಬಬೇಕಾಗ್ತದೆ. ಯಾಕೆ ಅಂತ ಕೇಳ್ತಾರೆ. ಆವಾಗ ಹೇಳು. ಬಾಸಿಲ್ ಇಷ್ಟು ವರ್ಷ ಎಂತ ಕೆಲಸ ಮಾಡ್ತಿದ್ದ, ಈ ಗಾಡಿ ಎಲ್ಲಿ ಹುಟ್ಟಿತು, ಎಲ್ಲ ಹೇಳು. ನನ್ನ ಹೆಸರು ಹಿಡಿದೇ ಹೇಳು. ನಾನು ಅಲ್ಲೇ ಇರ್ತೇನೆ, ಇಲ್ಲ ಅನ್ನುವುದಿಲ್ಲ. ಎಲ್ಲರೆದುರು ನನ್ನ ಬಾಯಿಂದ ಅದು ಹೊರಡುವುದಿಲ್ಲ ಬಾಯೇ. ನೀನು ಹೇಳ್ತೀಯಾ?"