ಕೈ ತೊಳೆಸುತ್ತಿದ್ದ ಗೇಮ್ ಕಾಕಾ

ಅಂಗಡಿ ತೆರೆದ ಕೂಡಲೇ ಅವರು ಮಷಿನ್ ಚಾಲೂ ಮಾಡಿ, ಧೋತರದ ಚುಂಗಿನಿಂದ ಪರದೆಯ ಗಾಜು ಒರೆಸುತ್ತಿದ್ದರು. ಆಗ ಅವರ ಮುಂಗೈ ಮೇಲಿನ ಕೂದಲೆಲ್ಲ ಸಟ್ಟನೆ ಎದ್ದು ಗಾಜಿನ ಕಡೆ ವಾಲುತ್ತಿದ್ದವು. ಕಪ್ಪು ಕೈ, ಅದರ ಮೇಲೆ ಆಗಲೇ ಅರ್ಧ ಬೆಳ್ಳಗಾದ ಕೂದಲು, ತೋರುಬೆರಳಿನ ತುದಿಯಲ್ಲಿ ವೈರಿಗೆ ಬೆಸುಗೆ ಹಾಕುವಾಗ ಸುಟ್ಟುಕೊಂಡ ಕಲೆ. ನಾವೂ ತೋಳೇರಿಸಿ ಗಾಜಿನ ಹತ್ತಿರ ಕೈ ಹಿಡಿಯುತ್ತಿದ್ದೆವು. ನಮ್ಮ ಕೈಯಲ್ಲಿ ಏಳುವಂಥ ಕೂದಲೇ ಇರಲಿಲ್ಲ. "ಬೆಳೀರಿ ಬೆಳೀರಿ, ಅವಸರ ಏನದ?" ಎಂದು ನಗುತ್ತಿದ್ದರು.

ಊರಿನವರು ಅವರನ್ನು ಗೇಮಿನಾಂವ ಎನ್ನುತ್ತಿದ್ದರು. ನಮಗೆ ಅವರು ಗೇಮ್ ಕಾಕಾ. ಶಹಾಪುರದಿಂದ ಭೀಮರಾಯನಗುಡಿಗೆ ಹೋಗುವ ರಸ್ತೆಯಲ್ಲಿ ಅವರ ವಿಡಿಯೊ ಗೇಮಿನ ಅಂಗಡಿ ಇತ್ತು. ಕಾಲುವೆಗೆ ನೀರು ಬಿಟ್ಟು ಹತ್ತು ಹನ್ನೆರಡು ವರ್ಷ ಕಳೆದಿದ್ದವು. ಜೋಳದ ಹೊಲಗಳು ಭತ್ತದ ಗದ್ದೆಗಳಾಗಿ, ಭತ್ತದ ದುಡ್ಡು ರಸ್ತೆ ಬದಿಯ ಮಳಿಗೆಗಳಾಗುತ್ತಿದ್ದ ಕಾಲ. ನಮ್ಮ ದೊಡ್ಡಪ್ಪನೂ ಸಾಲಾಗಿ ಮೂರು ಮಳಿಗೆ ಕಟ್ಟಿಸಿದ್ದರು. ಒಂದರಲ್ಲಿ ಗೊಬ್ಬರದ ಅಂಗಡಿ, ಇನ್ನೊಂದರಲ್ಲಿ ದರ್ಜಿ. ಮೂರನೆಯದರ ಪಕ್ಕ ಗಟಾರ ಹರಿಯುತ್ತಿದ್ದುದರಿಂದ ಅದು ಬಹಳ ದಿನ ಖಾಲಿ ಬಿದ್ದಿತ್ತು. ಅದನ್ನು ಕಾಕಾ ಹಿಡಿದರು. ಅವರದು ಬೌದ್ಧರ ಮನೆತನ. ಊರಿನ ಬಾಯಲ್ಲಿ ಅದಕ್ಕೆ ಬೇರೆ ಹೆಸರಿತ್ತು, ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಯಾರಾದರೂ ಕೆಣಕಿದರೆ ದೊಡ್ಡಪ್ಪ, "ಬಾಡಿಗಿಗಿ ಜಾತಿ ಇಲ್ಲಪ್ಪ" ಎಂದು ದೊಡ್ಡ ಸುಧಾರಕರ ಗತ್ತಿನಲ್ಲಿ ಮೀಸೆ ನೀವಿಕೊಳ್ಳುತ್ತಿದ್ದರು. ಗಟಾರದ ವಾಸನೆಗೆ ಬೇರೆ ಯಾರೂ ಬಂದಿರಲಿಲ್ಲ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಒಳಗೆ ಎರಡು ಮಷಿನ್. ಹೈದರಾಬಾದಿನಿಂದ ಲಾರಿಯಲ್ಲಿ ತಂದ ಹಳೆಯ ಮಾಲು. ಆಳೆತ್ತರದ ಕಟ್ಟಿಗೆಯ ಪೆಟ್ಟಿಗೆ, ಎದೆಮಟ್ಟದಲ್ಲಿ ಒಂದು ಹ್ಯಾಂಡಲ್, ಪಕ್ಕದಲ್ಲಿ ಮೂರು ಬಟನ್. ಒಂದರಲ್ಲಿ ವಿಮಾನದ ಆಟ, ಇನ್ನೊಂದರಲ್ಲಿ ಮೋಟಾರ್ ಸೈಕಲ್ ರೇಸು. ಸ್ವತಃ ಕಾಕಾಗೆ ಎರಡೂ ಬರುತ್ತಿರಲಿಲ್ಲ. ಅವರು ಹ್ಯಾಂಡಲ್ ಹಿಡಿದರೆ ವಿಮಾನ ಮೊದಲ ಗುಡ್ಡಕ್ಕೇ ಬಡಿಯುತ್ತಿತ್ತು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕರೆ, "ನಗ್ರಿ. ಹಾರಸೋದು ನಿಮ್ಮ ಕೆಲಸ, ಕೆಟ್ಟಾಗ ಬಿಚ್ಚೋದು ನನ್ನ ಕೆಲಸ" ಎಂದು ಸ್ಕ್ರೂಡ್ರೈವರ್ ತೋರಿಸುತ್ತಿದ್ದರು. ಕರೆಂಟ್ ಹೋಗಿ ಆಟ ಅರ್ಧಕ್ಕೆ ನಿಂತರೆ, ಬಂದ ಮೇಲೆ ಆ ಹುಡುಗನಿಗೇ ಮತ್ತೆ ಹ್ಯಾಂಡಲ್ ಕೊಡುತ್ತಿದ್ದರು. ನಮ್ಮ ಊರಿನಲ್ಲಿ ಕರೆಂಟಿನ ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಂಡವರನ್ನು ನಾನು ಬೇರೆ ಕಂಡಿಲ್ಲ.

ಅವರ ಅಂಗಡಿಯಲ್ಲಿ ಸರದಿಗೆ ಬಾರಿ ಎಂದು ಹೆಸರು. ಕಾಲುವೆಯ ನೀರಿನ ಬಾರಿ ಇರುತ್ತದಲ್ಲ, ಅದೇ. ಆದರೆ ಲೆಕ್ಕ ಉಲ್ಟಾ. ಯಾರು ಬಹಳ ದೂರದಿಂದ ಬಂದಿದ್ದಾರೋ ಅವರಿಗೆ ಮೊದಲ ಬಾರಿ. ಹಳ್ಳಿಯಿಂದ ನಡೆದು ಬಂದ ಹುಡುಗರು ಆಡಿದ ಮೇಲೆ ಪೇಟೆಯವರು, ಕೊಟ್ಟಕೊನೆಗೆ ಹಿಂದಿನ ಓಣಿಯ ನಾವು. ನನಗೆ ಸಿಟ್ಟು ಬಂದು ಒಮ್ಮೆ ಕೇಳಿದೆ.

"ಕಾಕಾ, ನಾ ಎಲ್ಲಾರಿಗಿಂತ ಮೊದಲ ಬಂದೀನ್ರಿ. ನನಗ್ಯಾಕ ಕಡೀಗಿ?"

"ನಿಮ್ಮ ಹೊಲ ಎಲ್ಲದವ್ವ? ಕಾಲುವಿ ಮಗ್ಗಲಾಗ. ನಮ್ಮದು ಕಾಲುವಿ ಮುಗಿಯೋ ಕಡಿ. ಮ್ಯಾಲಿನವರು ಕುಡದು, ಎಮ್ಮಿ ಮೈ ತೊಳದು, ಉಳದಿದ್ರ ನಮಗ. ನಮ್ಮಪ್ಪ ಬಾರಿ ಕಾಯ್ಕೋತ ಕುಂತಾಂವ ಕುಂತಂಗೇ ಮುದುಕ ಆದ. ಇಲ್ಲಾರ ಕಡೀ ಹೊಲಕ್ಕ ಮೊದಲ ನೀರು ಹೋಗಲಿ ಬಿಡು."

ಹೆಣ್ಣುಹುಡುಗಿ ಅಲ್ಲಿಗೆ ಹೋಗುವುದೇ ದೊಡ್ಡ ಮಾತಾಗಿದ್ದ ದಿನಗಳು ಅವು. ಮೊದಲ ಸಲ ನಾನು ಬಾಗಿಲಲ್ಲಿ ನಿಂತಾಗ ಗಂಡುಹುಡುಗರು ಗದ್ದಲ ಹಾಕಿದರು. ಕಾಕಾ ಅವರ ಕಡೆ ತಿರುಗಿ, "ಯಾರ ಕೈ ಅಂತ ಹ್ಯಾಂಡಲ್ ಕೇಳ್ತದೇನಲೇ? ಸರೀರಿ" ಎಂದರು. ಅಷ್ಟೇ. ಮರುದಿನ ರಸ್ತೆಯಿಂದ ಹೋಗುವವರಿಗೆ ಒಳಗಿನವರು ಕಾಣದ ಹಾಗೆ ಬಾಗಿಲಿಗೆ ಅರ್ಧ ಪರದೆ ಕಟ್ಟಿದ್ದರು. ಬಿಸಿಲು ಬೀಳುತ್ತದೆ ಎಂದು ನೆಪ ಹೇಳಿದರು. ಬಡಗು ದಿಕ್ಕಿಗೆ ಮುಖ ಮಾಡಿದ ಮಳಿಗೆಗೆ ಎಲ್ಲಿಯ ಬಿಸಿಲು? ಆರು ತಿಂಗಳಲ್ಲಿ ನನ್ನಷ್ಟು ದೂರ ವಿಮಾನ ಹಾರಿಸುವವರು ಇರಲಿಲ್ಲ. ಕಾಕಾ ಪಕ್ಕದಲ್ಲಿ ನಿಂತು ಉಸಿರು ಬಿಗಿ ಹಿಡಿದು ನೋಡುತ್ತಿದ್ದರು. ಕೊನೆಯ ಗುಡ್ಡ ದಾಟಿ ವಿಮಾನ ಇಳಿದ ದಿನ ತಮ್ಮ ಪುಟ್ಟ ಮಗಳನ್ನು ಎತ್ತಿಕೊಂಡು ಮಷಿನ್ನಿನ ಪರದೆ ತೋರಿಸಿ, "ನೋಡ ಬೇ, ಅಕ್ಕ ಇಳಸ್ಯಾಳ" ಎಂದರು. ನನ್ನ ಮನೆಯಲ್ಲಿ ಯಾರೂ ನನ್ನ ಯಾವ ಕೆಲಸಕ್ಕೂ ಅಷ್ಟು ಹಿಗ್ಗಿದ್ದು ನನಗೆ ನೆನಪಿಲ್ಲ.

ಅವರ ಇನ್ನೊಂದು ಕಟ್ಟಳೆ ಕೈ ತೊಳೆಯುವುದು. ಎದುರಿಗೆ ಮಿರ್ಚಿ ಭಜಿಯ ಬಂಡಿ ಇತ್ತು. ಭಜಿ ತಿಂದ ಎಣ್ಣೆಗೈಯಲ್ಲಿ ಹಿಡಿದರೆ ಹ್ಯಾಂಡಲ್ ಜಿಡ್ಡುಗಟ್ಟುತ್ತದೆ, ಬಟನ್ ಒಳಗೆ ಕಾರದಪುಡಿ ಇಳಿದು ಕಚ್ಚಿಕೊಳ್ಳುತ್ತದೆ. ಅದಕ್ಕೇ ಬಾಗಿಲ ಬಳಿ ಒಂದು ಕೊಡ, ಒಂದು ಚೆರಿಗೆ ಇಟ್ಟಿದ್ದರು. ಎಣ್ಣೆಗೈಯಲ್ಲಿ ನಾವು ಚೆರಿಗೆ ಹಿಡಿದರೆ ಅದೂ ಜಿಡ್ಡಾಗುತ್ತದಲ್ಲ, ಹಾಗಾಗಿ ತಾವೇ ನೀರು ಹಾಕುತ್ತಿದ್ದರು. ನಾವು ಸಾಲಾಗಿ ಕೈ ಚಾಚಿ ನಿಲ್ಲುವುದು, ಅವರು ಮೇಲಿನಿಂದ ಹೊಯ್ಯುವುದು. ಆಮೇಲೆ ಹೆಗಲ ಮೇಲಿನ ಟವೆಲ್ಲು ಕೊಡುವುದು. ಅದರಲ್ಲಿ ಅವರಿಗೆ ಯಾವ ಕೆಟ್ಟ ಯೋಚನೆಯೂ ಇರಲಿಲ್ಲ. ಮಷಿನ್ ಒಂದೇ ಅವರ ಚಿಂತೆ.

ಇಲ್ಲಿಯವರೆಗೆ ಬರೆಯುವುದು ಸುಲಭವಿತ್ತು. ಇನ್ನು ಮುಂದಿನದನ್ನು ನಾನು ಗಂಡನಿಗೂ ಹೇಳಿಲ್ಲ.

ಏಳನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಿತ್ತು. ನಾನು ಗಣಿತದ ಟ್ಯೂಷನ್ನಿಗೆ ಹೋಗುತ್ತೇನೆಂದು ಹೇಳಿ ವಾರವಿಡೀ ಕಾಕಾನ ಅಂಗಡಿಗೆ ಹೋದೆ. ಟ್ಯೂಷನ್ ಮಾಸ್ತರರು ಒಂದು ಸಂಜೆ ಮನೆಗೇ ಬಂದು, ಹುಡುಗಿಗೆ ಆರಾಮಿಲ್ಲವೇ ಎಂದು ವಿಚಾರಿಸಿಕೊಂಡು ಹೋದರು. ಪಡಸಾಲೆಯಲ್ಲಿ ಅಪ್ಪ, ದೊಡ್ಡಪ್ಪ, ಅಪ್ಪನ ತಾಯಿ ಆಯಿ, ಮೂವರೂ ಕೂತಿದ್ದರು. ಅಪ್ಪ ಎದ್ದು ಮೂಲೆಯ ಬಾರುಕೋಲು ಕೈಗೆ ತೆಗೆದುಕೊಂಡರು.

"ಎಲ್ಲಿಗಿ ಹೋಗಿದ್ದಿ? ಖರೇ ಹೇಳು."

"ಗೇಮಿನ ಅಂಗಡಿಗಿ."

"ಗಂಡ್ಹುಡುಗುರ ನಡುವ? ಹೆಣ್ಮಗಳು?"

ಬಾರುಕೋಲು ಮೇಲೆದ್ದಿತು. ಆ ಕ್ಷಣ ನನ್ನ ಬಾಯಿಂದ ಬಂದ ಮಾತು ಇಂದಿಗೂ ಅಕ್ಷರಶಃ ನೆನಪಿದೆ.

"ಅಪ್ಪಾ, ಹೊಡೀಬ್ಯಾಡ್ರಿ, ಆ ಕಾಕಾ ನಮಗ ಕೈ ತೊಳಸ್ತಾರ! ನಾವು ಕೈ ಚಾಚಿ ನಿಂದ್ರಬೇಕು, ಅವರು ಮ್ಯಾಲಿಂದ ನೀರ್ ಹಾಕ್ತಾರ. ತೊಳಕೊಂಡ್ರನ ಅವರ ಮಷಿನ್ ಮುಟ್ಟಾಕ ಬಿಡ್ತಾರ."

ಬಾರುಕೋಲು ಅಲ್ಲೇ ನಿಂತಿತು. ಭಜಿಯ ಎಣ್ಣೆಯ ವಿಷಯ ನಾನು ಹೇಳಲಿಲ್ಲ. ಮರೆತು ಅಲ್ಲ. ನಮ್ಮ ಹಿತ್ತಿಲಲ್ಲಿ ಕಳೆ ತೆಗೆಯಲು ಬಂದವರು ನೀರು ಕೇಳಿದರೆ ಆಯಿ ಹೇಗೆ ಕೊಡುತ್ತಿದ್ದಳೆಂದು ನಾನು ದಿನಾ ನೋಡಿದ್ದೆ. ಅವರು ಬೊಗಸೆಯೊಡ್ಡಿ ಬಗ್ಗಿ ನಿಲ್ಲಬೇಕು, ಆಯಿ ತಂಬಿಗೆ ತಾಗದಂತೆ ಮೇಲಿನಿಂದ ಹೊಯ್ಯಬೇಕು. ಕೈ ಚಾಚುವವರು ಯಾರು, ಹೊಯ್ಯುವವರು ಯಾರು ಎಂಬುದು ನಮ್ಮ ಮನೆಯಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತಿತ್ತು. ಎಲ್ಲಿ ಚುಚ್ಚಿದರೆ ಇವರಿಗೆ ತಾಗುತ್ತದೆ ಎಂದು ನನಗೆ ತಿಳಿದಿತ್ತು, ಅಲ್ಲೇ ಚುಚ್ಚಿದೆ. ಚಿಕ್ಕವಳು, ತಿಳಿಯದೆ ಅಂದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ತಿಳಿದೇ ಅಂದೆ.

ಆಯಿ ಎದೆ ಬಡಿದುಕೊಂಡಳು. "ಏನಂದಿ? ನಮ್ಮ ಕೂಸುಗೋಳು ಕೈ ಚಾಚಬೇಕು, ಅಂವ ಹೊಯ್ಯಬೇಕು? ಕೇಳಿದ್ಯಾ ದೊಡ್ಡಪ್ಪಾ ನಿನ್ನ ಬಾಡಿಗಿಯವನ ಹಕೀಕತ್ತು?" ಮಗನನ್ನು ಅವಳು ನಮ್ಮ ಹಾಗೆ ದೊಡ್ಡಪ್ಪ ಎಂದು ಕರೆಯುತ್ತಿದ್ದುದು ಬಹಳ ಸಿಟ್ಟು ಬಂದಾಗ ಮಾತ್ರ. ಬಾಡಿಗೆಗೆ ಜಾತಿ ಇಲ್ಲ ಎನ್ನುತ್ತಿದ್ದ ದೊಡ್ಡಪ್ಪನ ಮುಖ ಕೆಂಪಗಾಯಿತು. "ನಮ್ಮ ಮಳಿಗ್ಯಾಗ ಕುಂತು ನಮಗ ಮಡಿ ಕಲಸಾಕತ್ತಾನಾ?" ಎಂದು ಚಪ್ಪಲಿ ಮೆಟ್ಟಿದರು. ಹೊಸ್ತಿಲಲ್ಲಿ ನಿಂತು ಎಲ್ಲರ ಕಡೆ ತಿರುಗಿ, "ಈ ಮಾತು ಹೊರಗ ಹೋಗಬಾರದು. ನಮ್ಮ ಹುಡುಗಿ ಅವನ ಮುಂದ ಕೈ ಚಾಚಿದ್ಲು ಅಂತ ಊರಾಗ ಗೊತ್ತಾದ್ರ ಇಜ್ಜತ್ ಉಳಿಯಂಗಿಲ್ಲ" ಎಂದರು.

ಆ ಸಂಜೆ ನನಗೆ ಒಂದು ಏಟೂ ಬೀಳಲಿಲ್ಲ. ಆಯಿ ಪಕ್ಕದಲ್ಲಿ ಕೂರಿಸಿಕೊಂಡು ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು. ನಾನು ತಿಂದೆ.

ಎರಡೇ ದಿನದಲ್ಲಿ ಮಳಿಗೆ ಖಾಲಿಯಾಯಿತು. ಮಳಿಗಿ ನಮಗ ಬೇಕಾಗ್ಯಾದ ಎಂದಷ್ಟೇ ದೊಡ್ಡಪ್ಪ ಹೇಳಿದ್ದರಂತೆ. ಕಾಕಾ ಮೂರು ಸಲ ಮನೆಗೆ ಬಂದು ಅಂಗಳದಲ್ಲಿ ನಿಂತು, "ಏನ್ ತಪ್ಪಾಗ್ಯಾದ ಹೇಳ್ರಿ ಧಣೇರ, ತಿದ್ಕೋತೀನಿ" ಎಂದು ಕೇಳಿದರು. ನಾನು ಒಳಗೆ ಬಾಗಿಲ ಹಿಂದೆ ಪುಸ್ತಕ ಹಿಡಿದು ನಿಂತು ಕೇಳಿಸಿಕೊಂಡೆ. ದೊಡ್ಡಪ್ಪ ಎದ್ದು ಒಳಗೆ ಬಂದರು. ಪೇಟೆಯಲ್ಲಿ ಬೇರೆ ಯಾರೂ ಅವರಿಗೆ ಮಳಿಗೆ ಕೊಡದಂತೆಯೂ ನೋಡಿಕೊಂಡರು.

ಮಷಿನ್‌ಗಳನ್ನು ಎತ್ತಿನ ಬಂಡಿಗೆ ಏರಿಸಿದ ದಿನ ನಾನು ಶಾಲೆಯಿಂದ ಬರುತ್ತಿದ್ದೆ. ತಪ್ಪಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ. ಮನೆಯ ಕೌದಿಯನ್ನೇ ತಂದು ಗಾಜಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದ ಕಾಕಾ ನನ್ನನ್ನು ಕಂಡು ಮುಖವರಳಿಸಿದರು.

"ಪರೀಕ್ಷಾ ಚಂದ ಬರಿಯವ್ವ. ಎಲ್ಲಿ ಅಂಗಡಿ ಹಾಕ್ತೀನಿ ಹೇಳಿ ಕಳಸ್ತೀನಿ. ನೀ ಬರಬೇಕು ಮತ್ತ."

ನಾನು ಹೂಂ ಎಂದೆ. ಓಡಲಿಲ್ಲ, ಅಳಲೂ ಇಲ್ಲ. ಮನೆಗೆ ಬಂದು ಗಣಿತ ಮಾಡಿದೆ.

ಅವರು ಮತ್ತೆ ಎಲ್ಲೂ ಅಂಗಡಿ ಹಾಕಲಿಲ್ಲ. ಹೆಂಡತಿಯ ತವರು ದೇವಾಪುರಕ್ಕೆ ಹೋದರು. ಇಡಲು ಜಾಗವಿಲ್ಲದೆ ಹಟ್ಟಿಯಲ್ಲಿ ನಿಲ್ಲಿಸಿದ ಮಷಿನ್‌ಗಳು ಎರಡು ಮಳೆಗಾಲಕ್ಕೆ ಉಬ್ಬಿ ಹಾಳಾದವಂತೆ. ಕಾಕಾ ಸುರಪುರದ ಸುತ್ತ ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿ ಟಿವಿ ರಿಪೇರಿ ಮಾಡಿಕೊಂಡಿದ್ದರು. ನಮ್ಮ ಮಳಿಗೆ ಆ ವರ್ಷವಿಡೀ ಖಾಲಿ ಇತ್ತು.

ಇಪ್ಪತ್ತು ವರ್ಷಗಳ ಮೇಲೆ, ನಾನು ಯಾದಗಿರಿಯಲ್ಲಿ ಶಿಕ್ಷಕಿಯಾಗಿದ್ದಾಗ, ಶಾಲೆಯ ಟಿವಿ ಕೆಟ್ಟಿತು. ಯಾರೋ ಕರೆತಂದ ರಿಪೇರಿಯವರು ಕಾಕಾ ಆಗಿದ್ದರು. ಕೂದಲೆಲ್ಲ ಬೆಳ್ಳಗೆ, ಕಣ್ಣಿಗೆ ದಪ್ಪ ಕನ್ನಡಕ. ನಾನು ಗುರುತಿಲ್ಲದವಳಂತೆ ಹಾಜರಿ ಪುಸ್ತಕದಲ್ಲಿ ತಲೆ ಹುದುಗಿಸಿದೆ. ಅವರು ಬಿಡಬೇಕಲ್ಲ? ಹೆಡ್‌ಮಾಸ್ತರರ ಎದುರೇ, "ಇವರು ನನ್ನ ಅಂಗಡ್ಯಾಗ ವಿಮಾನ ಇಳಸ್ದಾಕಿರಿ ಸರ್! ಜಿಲ್ಲಾದಾಗ ಯಾರಿಗೂ ಆಗಿದ್ದಿಲ್ಲ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹೋಗುವಾಗ ಗೇಟಿನ ತನಕ ಜೊತೆಗೆ ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ.

"ದೊಡ್ಡಪ್ಪನೋರು ಆರಾಮ ಅದಾರೇನವ್ವ?" ಎಂದು ಅವರೇ ಕೇಳಿದರು. ಕೊಂಕಿಲ್ಲ, ವ್ಯಂಗ್ಯವಿಲ್ಲ.

"ಆರಾಮ ಅದಾರ ಕಾಕಾ."

"ಛಲೋ ಆತು ಬಿಡು. ನಿನ್ನ ಫೋನ್ ನಂಬರ್ ಬರದು ಕೊಡು, ಮಗಳು ನರ್ಸ್ ಓದಾಕತ್ಯಾಳ, ಅಕೀಗಿ ನಿನ್ನ ಹೆಸರು ಹೇಳ್ಕೋತ ಇರ್ತೀನಿ."

ನಂಬರ್ ಬರೆದು ಕೊಟ್ಟೆ. ಗೇಟು ಹಾಕಿ ತರಗತಿಗೆ ಮರಳಿದೆ.

ಹೋದ ವರ್ಷ ಆ ನಂಬರಿಗೆ ಮಗಳು ಫೋನ್ ಮಾಡಿದಳು. ಕಾಕಾ ತೀರಿಕೊಂಡು ಎರಡು ದಿನವಾಗಿತ್ತು. ತೀರಿಕೊಂಡವರಿಗೆ ಬೌದ್ಧರು ಮಾಡುವ ಪುಣ್ಯಾನುಮೋದನೆಯ ದಿನ ದೇವಾಪುರಕ್ಕೆ ಹೋದೆ. ಬುದ್ಧನ ಪಟದ ಕೆಳಗೆ ಕಾಕಾನ ಫೋಟೊ ಇಟ್ಟು ಮೇಣದಬತ್ತಿ ಹಚ್ಚಿದ್ದರು. ಬಂದವರೆಲ್ಲ ಬಿಳಿ ಬಟ್ಟೆಯಲ್ಲಿದ್ದರು. ವಂದನೆ ಮುಗಿದು ಜನ ಕರಗಿದ ಮೇಲೆ ಮಗಳು ನನ್ನ ಪಕ್ಕ ಬಂದು ಕೂತಳು. ಸುರಪುರದ ದವಾಖಾನೆಯಲ್ಲಿ ನರ್ಸ್ ಆಗಿದ್ದಾಳೆ, ತಂದೆಯದೇ ಮುಖ.

"ಅಕ್ಕಾರ, ಒಂದ್ ಮಾತು ಕೇಳಲೇನ್ರಿ? ಶಹಾಪುರದ ಮಳಿಗಿ ನಿಮ್ಮ ದೊಡ್ಡಪ್ಪನೋರದು. ಅವರು ಯಾಕ ಖಾಲಿ ಮಾಡಸಿದ್ರು ಅಂತ ಅಪ್ಪಗ ಸಾಯೋತನ ತಿಳೀಲಿಲ್ರಿ. ನಾ ಏನ್ ತಪ್ಪು ಮಾಡಿದ್ದೆ, ಅದೊಂದು ಯಾರಾರ ಹೇಳಿದ್ರ ಸಾಕಿತ್ತು ಅಂತಿದ್ದ. ನಿಮಗೇನಾರ ಗೊತ್ತದೇನ್ರಿ?"

ಕಾಕಾ ಇರಲಿಲ್ಲ. ದೊಡ್ಡಪ್ಪ, ಆಯಿ, ಅಪ್ಪ, ಯಾರೂ ಇರಲಿಲ್ಲ. ನನಗೆ ಹೊಡೆಯುವವರು ಈ ಭೂಮಿಯ ಮೇಲೆ ಒಬ್ಬರೂ ಉಳಿದಿರಲಿಲ್ಲ.

"ಗೊತ್ತಿಲ್ಲವ್ವ" ಎಂದೆ. "ನಾ ಆಗ ಭಾಳ ಸಣ್ಣಾಕಿ."

"ಅಪ್ಪನೂ ಹಂಗೇ ಅಂತಿದ್ದ ನೋಡ್ರಿ" ಎಂದು ಅವಳು ಕಣ್ಣೊರೆಸಿಕೊಂಡಳು. "ನಿಮಗ ಫೋನ್ ಮಾಡಿ ಕೇಳೋಣು ಅಂದ್ರ ಬ್ಯಾಡ ಅಂತಿದ್ದ. ಆ ಹುಡುಗಿಗಿ ಏನ್ ಗೊತ್ತಿರ್ತದ, ಪಾಪ, ಅಕೀಗಿ ಯಾಕ ತ್ರಾಸು ಕೊಡ್ತಿ ಅಂತಿದ್ದ."

ನಾನು ಹೌದೆಂದು ತಲೆಯಾಡಿಸಿದೆ.